ಮೇಷ್ಟ್ರ ಅಂಚೆಚೀಲ: ಹಾಬ್ಸನ್ನನ ಕುದುರೆ, ಅರಸೀಕೆರೆಯ ಸೈಕಲ್ಲು

ಪ್ರಶ್ನೆ: ಮೇಷ್ಟ್ರೇ, ನಾನು ಬ್ಯಾಂಕಿನಲ್ಲಿದ್ದೇನೆ. ಬೀದರ್ ಅಥವಾ ಬಳ್ಳಾರಿ, ಯಾವ ಶಾಖೆ ಬೇಕೋ ಹೇಳಿ ಎಂದ ನಮ್ಮ ಸಾಹೇಬರು, 'ಏನ್ ಮಾಡೋದು, ಹಾಬ್ಸನ್ಸ್ ಚಾಯ್ಸ್' ಅಂತ ನಕ್ಕರು. ಯಾರು ಈ ಹಾಬ್ಸನ್?
– ಓದುಗರು, ಶಿರಸಿ

ಉತ್ತರ: ಸಾಹೇಬರು ಎಡವಿದ್ದಾರೆ. ಆದರೆ ಅವರ ಮುಂದೆ ಹೇಳಬೇಡಿ, ವರ್ಗದ ಆದೇಶ ಇನ್ನೂ ಅವರ ಕೈಯಲ್ಲಿದೆ.

ಥಾಮಸ್ ಹಾಬ್ಸನ್ ಇಂಗ್ಲೆಂಡಿನ ಕೇಂಬ್ರಿಡ್ಜಿನವನು. ಲಂಡನ್ನಿಗೂ ಕೇಂಬ್ರಿಡ್ಜಿಗೂ ಗಾಡಿಯಲ್ಲಿ ಸಾಮಾನು, ಕಾಗದ ಸಾಗಿಸುವುದು ಅವನ ಕಸುಬು. ಜೊತೆಗೆ ವಿಶ್ವವಿದ್ಯಾಲಯದ ಹುಡುಗರಿಗೆ ಕುದುರೆ ಬಾಡಿಗೆಗೆ ಕೊಡುತ್ತಿದ್ದ. ಹುಡುಗರೆಲ್ಲ ಚುರುಕು ಕುದುರೆಗಳನ್ನೇ ಕೇಳಿ, ಅವನ್ನೇ ಓಡಿಸಿ ಓಡಿಸಿ ಹಣ್ಣು ಮಾಡುತ್ತಿದ್ದರು. ಅದಕ್ಕೇ ಅವನು ಸರದಿ ಹಚ್ಚಿದ: ಲಾಯದ ಬಾಗಿಲ ಬಳಿ ಯಾವುದು ನಿಂತಿದೆಯೋ ಅದು. ಬೇಡವೇ? ನಡೆದುಕೊಂಡು ಹೋಗು. 1631ರಲ್ಲಿ ಅವನು ತೀರಿಕೊಂಡಾಗ ಅಲ್ಲೇ ಓದುತ್ತಿದ್ದ ಮಿಲ್ಟನ್ ಅವನ ಮೇಲೆ ಎರಡು ಪದ್ಯ ಕಟ್ಟಿದ. ಮಹಾಕವಿಗೂ ಆ ಲಾಯದ ಕುದುರೆ ಕುಂಟಿತ್ತೋ ಏನೋ!

ನಾನು ಹುಡುಗನಾಗಿದ್ದಾಗ ಅರಸೀಕೆರೆಯಲ್ಲಿ ನಮಗೂ ಒಬ್ಬ ಹಾಬ್ಸನ್ ಇದ್ದ. ಬಾಡಿಗೆ ಸೈಕಲ್ ಅಂಗಡಿಯವನು, ಗಂಟೆಗೆ ನಾಲ್ಕಾಣೆ. ಒಳಗಡೆ ಮಿರಿಮಿರಿ ಮಿಂಚುವ ಸೈಕಲ್ಲು ಇದ್ದರೂ ಬಾಗಿಲಲ್ಲಿದ್ದ ಬ್ರೇಕಿಲ್ಲದ್ದನ್ನೇ ಕೈಗೆ ಕೊಟ್ಟು, 'ಬೇಕಾದ್ರೆ ತಗೋ, ಇಲ್ದಿದ್ರೆ ಜಾಗ ಬಿಡು' ಅನ್ನುತ್ತಿದ್ದ. ಬೆಲ್ಲಿನ ಬದಲು ನಾವೇ ಬಾಯಲ್ಲಿ ಟ್ರಿಣ್ ಟ್ರಿಣ್ ಅನ್ನುತ್ತ ಹೋಗುತ್ತಿದ್ದೆವು.

ಈಗ ನಿಮ್ಮ ವಿಷಯ. ನಿಮಗೆ ಎರಡು ಊರು ಕೊಟ್ಟಿದ್ದಾರಲ್ಲ, ಆಯ್ಕೆ ಇದ್ದೇ ಇದೆ. ಅದು 'ಅತ್ತ ದರಿ, ಇತ್ತ ಪುಲಿ'. (ಎರಡೂ ಊರಿನ ಓದುಗರು ಕ್ಷಮಿಸಬೇಕು, ಶಿರಸಿಯವರಿಗೆ ಮಳೆ ಇಲ್ಲದ ಊರೆಲ್ಲ ಪುಲಿಯೇ.) 'ಬೀದರ್, ಇಲ್ಲದಿದ್ದರೆ ರಾಜೀನಾಮೆ' ಎಂದಿದ್ದರೆ ಅದು ಹಾಬ್ಸನ್ನನ ಕುದುರೆ.

ಪ್ರಶ್ನೆ: 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಅಂತ ಮಗಳ ಪುಸ್ತಕದಲ್ಲಿದೆ. ಹಿಂದೆ ಹುಲ್ಲು ಮಾಡಿನ ಮೇಲೆ ಮಲಗಿದ್ದ ನಾಯಿ ಬೆಕ್ಕು ಮಳೆಗೆ ಜಾರಿ ಬೀಳುತ್ತಿದ್ದವಂತೆ, ನಿಜವೇ?
– ಓದುಗರು, ದಾವಣಗೆರೆ

ಉತ್ತರ: ವಾಟ್ಸಾಪ್ ಕಥೆ. ಮಳೆ ಬರುವಾಗ ಮಾಡಿನ ಮೇಲೆ ಕೂರುವಷ್ಟು ದಡ್ಡ ಬೆಕ್ಕನ್ನು ನಾನಂತೂ ಕಂಡಿಲ್ಲ. ಜೊನಾಥನ್ ಸ್ವಿಫ್ಟ್ 1738ರ ಪುಸ್ತಕದಲ್ಲಿ ಈ ಮಾತು ಬಳಸಿದ್ದಾನೆ. 1710ರಲ್ಲಿ ಅವನೇ ಬರೆದ ಲಂಡನ್ ಮಳೆಯ ಪದ್ಯವೊಂದರಲ್ಲಿ ಚರಂಡಿಯಲ್ಲಿ ಸತ್ತ ಬೆಕ್ಕು, ಮುಳುಗಿದ ನಾಯಿಮರಿ ತೇಲಿಬರುತ್ತವೆ. ಮಗಳಿಗೆ 'ಕುಂಭದ್ರೋಣ ಮಳೆ' ಅಂತ ಹೇಳಿಕೊಡಿ, ಅರ್ಥವಾಗುತ್ತದೆ.

ಪ್ರಶ್ನೆ: ಇಲ್ಲಿ ಪಕ್ಕದ ಮನೆಯ ಅಜ್ಜಿ ಯಾರಿಗಾದರೂ ತಲೆ ಕೆಟ್ಟಿದೆ ಅನ್ನಲು 'ಡೂಲಾಲಿ' ಅನ್ನುತ್ತಾರೆ. ಇದೆಂಥ ಇಂಗ್ಲಿಷು?
– ಓದುಗರು, ಲೀಡ್ಸ್, ಇಂಗ್ಲೆಂಡ್

ಉತ್ತರ: ನಮ್ಮ ಕಡೆಯದೇ! ನಾಸಿಕದ ಹತ್ತಿರ ದೇವಳಾಲಿ ಇದೆ, ರೈಲು ನಿಲ್ದಾಣವೂ ಉಂಟು. ಬ್ರಿಟಿಷರ ಕಾಲದಲ್ಲಿ ಅಲ್ಲಿ ದಂಡಿನ ಶಿಬಿರವಿತ್ತು. ಅವಧಿ ಮುಗಿದ ಸಿಪಾಯಿಗಳು ಊರಿಗೆ ಹೋಗುವ ಹಡಗಿಗಾಗಿ ಅಲ್ಲಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಕೆಲಸವಿಲ್ಲ, ಸೆಕೆ, ಕುಡಿತ, ಜ್ವರ. ಕೆಲವರಿಗೆ ತಲೆ ಕೆಡುತ್ತಿತ್ತು. ಮೊದಲು 'ಡೂಲಾಲಿ ಟ್ಯಾಪ್' ಅನ್ನುತ್ತಿದ್ದರು. ಆ ಟ್ಯಾಪ್ ನಲ್ಲಿಯಲ್ಲ, ಜ್ವರ, ನಮ್ಮ ತಾಪದ ನೆಂಟ. ಬೆಂಗಳೂರಿನವರು 'ನಿಮ್ಹಾನ್ಸ್ ಕೇಸು' ಅನ್ನುವ ಹಾಗೆಯೇ ಇದೂ. ಎರಡೂ ನನಗೆ ಅಷ್ಟು ಇಷ್ಟವಿಲ್ಲ. ಕಾಯಿಲೆಯವರನ್ನು ಆಡಿಕೊಳ್ಳುವ ಮಾತು.

ಪ್ರಶ್ನೆ: ಸರ್, ಪರೀಕ್ಷೆಯ ಪತ್ರಲೇಖನದಲ್ಲಿ 'ಡೈಡ್' ಬದಲು 'ಕಿಕ್ಡ್ ದ ಬಕೆಟ್' ಬರೆದರೆ ಹೆಚ್ಚು ಅಂಕ ಸಿಗುತ್ತದೆಯೇ?
– ಪಿಯುಸಿ ವಿದ್ಯಾರ್ಥಿ, ಕಲಬುರಗಿ

ಉತ್ತರ: ಬೇಡ ಮಗೂ. ಇದು 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಮಾಡಿದ ಪೋಲಿ ಮಾತುಗಳ ನಿಘಂಟಿನಲ್ಲಿ ಕೂತಿರುವ ಪದ. ನಾನು ಕೆಲಸಕ್ಕೆ ಸೇರಿದ ಹೊಸತು, ಅಜ್ಜ ತೀರಿಕೊಂಡರು. ಗೈಡಿನಲ್ಲಿ ಅದೇ ವಾರ ಓದಿದ್ದ ಈ ನುಡಿಗಟ್ಟನ್ನು ಹೆಮ್ಮೆಯಿಂದ ರಜಾ ಅರ್ಜಿಗೆ ಸೇರಿಸಿದೆ. ಹೆಡ್‌ಮಾಸ್ಟರು ಏನೂ ಅನ್ನದೆ ರಜ ಕೊಟ್ಟರು. ವೈಕುಂಠ ಸಮಾರಾಧನೆ ಮುಗಿಸಿ, ತಲೆ ಬೋಳಿಸಿಕೊಂಡು ವಾಪಸು ಬಂದಾಗ ಒಳಗೆ ಕರೆದು, ಅರ್ಜಿ ಮುಂದಿಟ್ಟು, ಮೆತ್ತಗೆ ಕೇಳಿದರು: 'ಕನ್ನಡದಲ್ಲಿ ಅರ್ಜಿ ಬರೆದಿದ್ದರೆ, ನಮ್ಮಜ್ಜ ಗೊಟಕ್ ಅಂದರು ಅಂತ ಬರೀತಿದ್ರಾ?'