ಭಾನುವಾರ ತಪ್ಪಿದರೆ ಕ್ರೈಸ್ತಳಲ್ಲವಾ?

ಅಕ್ಕಾ, ಜೀನ್ಸ್ ಹೊಲಿಯುವ ಕೆಲಸದಿಂದ ಭಾನುವಾರದ ಆರಾಧನೆ ತಪ್ಪುತ್ತಿದೆ, ಹಾಗಾದರೆ ನಾನು ನಿಜವಾದ ಕ್ರೈಸ್ತಳಲ್ಲವಾ ಅಂತ ಕೇಳಿದ್ದೀರಿ. ನಾನೂ ಬಳ್ಳಾರಿಯವನೇ. ಬೈಬಲ್‌ನಲ್ಲಿ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ಓದಿ. ತೀರ್ಪಿನ ದಿನ ಯೇಸು ಹಾಜರಿ ಪುಸ್ತಕ ತೆಗೆಯುವುದಿಲ್ಲ. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು ಕೊಟ್ಟಿರಾ, ಸೆರೆಯಲ್ಲಿದ್ದವರನ್ನು ನೋಡಲು ಹೋದಿರಾ, ಮಾತೆಲ್ಲ ಅದರ ಮೇಲೆಯೇ.

ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದರು. ಏಪ್ರಿಲ್ ಬಿಸಿಲಲ್ಲಿ ಬಾಗಿಲ ಮುಂದೆ ನೀರಿನ ಗಡಿಗೆ ಇಡುತ್ತಿದ್ದರು, ಸುತ್ತ ಒದ್ದೆ ಗೋಣಿಚೀಲ. ಯಾರ ಜಾತಿಯನ್ನೂ ಕೇಳಿದವರಲ್ಲ. ಬೈಬಲ್ ಓದಲು ಅವರಿಗೆ ಬರುತ್ತಲೇ ಇರಲಿಲ್ಲ!

ಹಾಗಂತ ಚರ್ಚಿನ ಸಭೆಯನ್ನು ಪೂರ್ತಿ ಬಿಡಬೇಡಿ. ಒಂಟಿಯಾಗಿ ನಂಬಿಕೆ ಉಳಿಸಿಕೊಳ್ಳುವುದು ಕಷ್ಟ (ನಾನೇ ಎರಡು ವರ್ಷ ಪಟ್ಟಿದ್ದೇನೆ). ವಾರದ ನಡುವೆ ಸಂಜೆ ಪ್ರಾರ್ಥನೆ ಇದೆಯಾ ಅಂತ ಪಾಸ್ಟರನ್ನು ಸುಮ್ನೆ ಒಂದು ಮಾತು ಕೇಳಿ.