ರಾತ್ರಿ ನುಂಗುವ ಶೀತದ ಗುಳಿಗೆ: ಪಟ್ಟಿಯ ಹಿಂಬದಿ ಓದಿ

ಮಳೆ ಹಿಡಿದರೆ ಸಾಕು, ಇದೇ ಪ್ರಶ್ನೆಗಳು ತಿರುತಿರುಗಿ ಬರುತ್ತವೆ. ಶೀತದ ಗುಳಿಗೆ ಶೀತವನ್ನು ವಾಸಿ ಮಾಡುವುದಿಲ್ಲ, ರಾತ್ರಿ ಕಳೆಯಲು ನೆರವಾಗುತ್ತದೆ ಅಷ್ಟೆ ಎಂಬುದನ್ನು ಮತ್ತೆ ವಿವರಿಸುವುದಿಲ್ಲ. ಮೊದಲ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಜೀವಕ್ಕೆ ಅಪಾಯ ಇರುವುದು ಅಲ್ಲಿಯೇ.

ಮೂರು ದಿನದಿಂದ ಥಂಡಿ, ಜ್ವರ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು ಶೀತದ ಗುಳಿಗೆ. ಜ್ವರ ಇಳಿಯಲಿಲ್ಲವೆಂದು ದಿನಕ್ಕೆ ನಾಲ್ಕು ಡೋಲೋ 650. ಮೈಕೈ ನೋವಿಗೆ ಅಂಗಡಿಯಲ್ಲಿ ಕೊಟ್ಟ ಗುಳಿಗೆ ಎರಡು ಹೊತ್ತು. ಮೂರೂ ಬೇರೆ ಬೇರೆ ತೊಂದರೆಗೆ ತಾನೇ, ಒಟ್ಟಿಗೆ ತೆಗೆದುಕೊಂಡರೆ ಏನಾಗುತ್ತದೆ? (ಕುಮಟಾ)

ಮೂರೂ ಬೇರೆ ಬೇರೆ ಅಲ್ಲ. ಮೂರರಲ್ಲೂ ಪ್ಯಾರಾಸಿಟಮಾಲ್ ಇದೆ. ಲೆಕ್ಕ ಹಾಕಿ ನೋಡಿ. ಶೀತದ ಗುಳಿಗೆಯಲ್ಲಿ ಸಾಮಾನ್ಯವಾಗಿ 500 ಮಿ.ಗ್ರಾಂ., ಮೂರಕ್ಕೆ 1500. ಡೋಲೋ ನಾಲ್ಕಕ್ಕೆ 2600. ನೋವಿನ ಗುಳಿಗೆ ಬಹುಶಃ ಅಸಿಕ್ಲೋಫೆನಾಕ್ ಜೊತೆ 325 ಪ್ಯಾರಾಸಿಟಮಾಲ್ ಸೇರಿಸಿದ್ದು, ಎರಡಕ್ಕೆ 650. ಒಟ್ಟು 4750 ಮಿ.ಗ್ರಾಂ. ಗಟ್ಟಿಮುಟ್ಟಾದ ವಯಸ್ಕರಿಗೆ 24 ಗಂಟೆಗೆ ಕಟ್ಟಕಡೆಯ ಮಿತಿ 4000. ವೈದ್ಯರನ್ನು ಕೇಳದೆ ಮನೆಯಲ್ಲೇ ನುಂಗುವವರಿಗೆ ನಾನು ಹೇಳುವುದು 3000. ತೂಕ 50 ಕಿಲೋಗಿಂತ ಕಡಿಮೆ ಇದ್ದವರು, ದಿನಾ ಕುಡಿಯುವವರು, ಲಿವರ್ ತೊಂದರೆ ಇದ್ದವರು 2000 ದಾಟಬಾರದು, ಅದನ್ನೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಒಂದು ಹೊತ್ತಿಗೆ 500 ಅಥವಾ 650, ಮುಂದಿನದಕ್ಕೆ ಕನಿಷ್ಠ ಆರು ಗಂಟೆ ಅಂತರ. ಜ್ವರ ಇಳಿಯಲಿಲ್ಲವೆಂದು ಅಂತರ ಕಡಿಮೆ ಮಾಡುವುದೇ ಎಲ್ಲರೂ ಮಾಡುವ ತಪ್ಪು.

ಒಳಗೆ ನಡೆಯುವುದು ಇಷ್ಟು. ನುಂಗಿದ ಪ್ಯಾರಾಸಿಟಮಾಲಿನ ಸ್ವಲ್ಪ ಭಾಗ ಲಿವರಿನಲ್ಲಿ ವಿಷವಸ್ತುವಾಗಿ ಬದಲಾಗುತ್ತದೆ. ಅದನ್ನು ಅಲ್ಲಿಯೇ ಇರುವ ಗ್ಲೂಟಾಥಯೋನ್ ಎಂಬ ಪದಾರ್ಥ ನಿಷ್ಕ್ರಿಯಗೊಳಿಸುತ್ತದೆ. ಅದರ ದಾಸ್ತಾನು ಮುಗಿದರೆ ವಿಷ ಲಿವರಿನ ಜೀವಕೋಶಗಳನ್ನೇ ಕೊಲ್ಲುತ್ತದೆ. ಊಟ ಬಿಟ್ಟವರಲ್ಲಿ, ಕುಡಿಯುವವರಲ್ಲಿ ಆ ದಾಸ್ತಾನು ಮೊದಲೇ ಕಡಿಮೆ. ಮೂರು ದಿನ ಗಂಜಿತಿಳಿಯ ಮೇಲೆ ಮಲಗಿದವರಿಗೆ ಅಪಾಯ ಹೆಚ್ಚು ಎನ್ನುವುದು ಈ ಕಾರಣಕ್ಕೆ.

ಮೋಸ ಇರುವುದು ಮೊದಲ ದಿನದಲ್ಲಿ. ಏನೂ ಗೊತ್ತಾಗುವುದಿಲ್ಲ. ಹೆಚ್ಚೆಂದರೆ ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ಜ್ವರದ್ದೇ ಸುಸ್ತು ಎಂದುಕೊಂಡು ಇನ್ನೊಂದು ನುಂಗುತ್ತಾರೆ. ಎರಡು ಮೂರು ದಿನದ ಮೇಲೆ ಬಲ ಪಕ್ಕೆಯ ಕೆಳಗೆ ನೋವು, ಹಳದಿ ಕಣ್ಣು, ಕಂದು ಮೂತ್ರ. ಆಗಲೂ ಆಸ್ಪತ್ರೆ ಬಿಟ್ಟು ಕಾಮಾಲೆಗೆ ಬೇರು ಅರೆದು ಕೊಡುವವರ ಮನೆ ಹುಡುಕುತ್ತಾರೆ. ಇದನ್ನು ನಾನು ಕ್ಷಮಿಸಲಾರೆ. ಗುಳಿಗೆಯಿಂದ ಕೆಟ್ಟ ಲಿವರಿಗೆ ಯಾವ ಬೇರೂ ಮದ್ದಲ್ಲ, ಅಲ್ಲಿ ಕಳೆದ ಒಂದೊಂದು ಗಂಟೆಯೂ ನಷ್ಟ. ಆಸ್ಪತ್ರೆಯಲ್ಲಿ ಕೊಡುವ ಪ್ರತ್ಯೌಷಧ ಎನ್-ಅಸಿಟೈಲ್‌ಸಿಸ್ಟೀನ್. ಒಂದೇ ಸಲಕ್ಕೆ ಹೆಚ್ಚು ನುಂಗಿದವರಿಗೆ ಅದು ಮೊದಲ 8 ಗಂಟೆಯೊಳಗೆ ಬಿದ್ದರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಜೋಯಿಡಾ, ಯಲ್ಲಾಪುರದ ಒಳಹಳ್ಳಿಗಳಿಂದ ಮಳೆಗಾಲದಲ್ಲಿ ಆಸ್ಪತ್ರೆ ತಲುಪುವ ಹೊತ್ತನ್ನೂ ಅದರಲ್ಲೇ ಕಳೆಯಬೇಕು. ಹಾಗಾಗಿ ಲಕ್ಷಣ ಕಾಣಲಿ ಎಂದು ಕಾಯಬೇಡಿ, ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಗುಳಿಗೆಯ ಖಾಲಿ ಪಟ್ಟಿಗಳನ್ನೆಲ್ಲ (ಸ್ಟ್ರಿಪ್) ಚೀಲಕ್ಕೆ ಹಾಕಿಕೊಂಡು ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ನೀವು ಇಂದೇ ಮೂರನ್ನೂ ನಿಲ್ಲಿಸಿ, ಇಂದೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಲಿವರಿನ ರಕ್ತಪರೀಕ್ಷೆ ಮಾಡಿಸಿ. ಮೈ ಚೆನ್ನಾಗಿದೆ ಅನಿಸಿದರೂ ಮಾಡಿಸಿ.

ಮುಂದಕ್ಕೆ, ಪಟ್ಟಿಯ ಹಿಂಬದಿ ದೊಡ್ಡಕ್ಷರದ ಹೆಸರಿನ ಹತ್ತಿರ ಸಣ್ಣಕ್ಷರದಲ್ಲಿ ಬರೆದದ್ದನ್ನು ಓದಿ. ಓದಲಾಗದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ, ಇಲ್ಲವೇ ಮನೆಯ ಮಕ್ಕಳ ಹತ್ತಿರ ಓದಿಸಿ. ನಾಲ್ಕು ಗುಳಿಗೆ ಕೇಳಿದರೆ ಅಂಗಡಿಯಲ್ಲಿ ಕತ್ತರಿಯಿಂದ ಕತ್ತರಿಸಿ ಕೊಡುತ್ತಾರೆ. ಹೆಸರು, ಪ್ರಮಾಣ, ಅವಧಿ ಮುಗಿಯುವ ತಿಂಗಳು ಅಂಗಡಿಯಲ್ಲಿ ಉಳಿದ ತುಂಡಿಗೇ ಹೋಗಿಬಿಡುವುದುಂಟು. ಕತ್ತರಿಸುವ ಮೊದಲೇ ಇಡೀ ಪಟ್ಟಿಯ ಫೋಟೋ ತೆಗೆದುಕೊಳ್ಳಿ. ಅಮೆರಿಕದಲ್ಲಿರುವ ಮಕ್ಕಳು ತಂದಿಟ್ಟ ರಾತ್ರಿ ಸಿರಪ್ಪಿನ ಮೇಲೆ ಅಸಿಟಮಿನೋಫೆನ್ ಎಂದು ಬರೆದಿದ್ದರೆ ಅದೂ ಪ್ಯಾರಾಸಿಟಮಾಲೇ, ಅಲ್ಲಿ ಹೆಸರು ಬೇರೆ. ಒಂದು ಅಳತೆಯಲ್ಲಿ 650 ಮಿ.ಗ್ರಾಂ. ಇರುವುದು ಸಾಮಾನ್ಯ. ಬಾಟಲಿಯ ಜೊತೆ ಬಂದ ಅಳತೆ ಮುಚ್ಚಳದಲ್ಲೇ ಅಳೆಯಿರಿ, ಅಡುಗೆಮನೆಯ ಚಮಚ ಒಂದೊಂದು ಒಂದೊಂದು ಗಾತ್ರ. ಇನ್ನು ಹೆಸರಿಲ್ಲದ ಬಿಡಿ ಗುಳಿಗೆಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಡುವವರ ಹತ್ತಿರ ಹೋಗಲೇಬೇಡಿ. ಅಂಥ ಪೊಟ್ಟಣಗಳಲ್ಲಿ ಸ್ಟಿರಾಯ್ಡ್ ಇರುವುದುಂಟು. ಒಂದೇ ದಿನಕ್ಕೆ ಚೇತರಿಸಿದಂತೆ ಅನಿಸುವುದೂ ಅದರಿಂದಲೇ.

ರಾತ್ರಿ ಶೀತದ ಗುಳಿಗೆ ನುಂಗಿದವರು ಮರುದಿನ ಕೊಳೆರೋಗಕ್ಕೆ ಮದ್ದು ಹೊಡೆಯಲು ಅಡಿಕೆ ಮರ ಹತ್ತಬಹುದೇ? (ಶಿರಸಿ)

ಹತ್ತಬಾರದು. ಮೂಗಿನ ಸೋರಿಕೆ ನಿಲ್ಲಿಸಲು ಅದರಲ್ಲಿ ಹಾಕುವ ಕ್ಲೋರ್‌ಫೆನಿರಮೈನ್ ಮೈಯಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ. ರಾತ್ರಿ 10ಕ್ಕೆ ನುಂಗಿದ್ದರಲ್ಲಿ ಅರ್ಧದಷ್ಟು ಮರುದಿನ ಸಂಜೆಗೂ ಉಳಿದಿರಬಹುದು. ನಿದ್ದೆಯ ಮಂಪರು ಹರಿದಂತೆ ಅನಿಸಿದರೂ ಕೈಕಾಲಿನ ಚುರುಕು, ಕಣ್ಣಳತೆ ಪೂರ್ತಿ ಮರಳಿರುವುದಿಲ್ಲ. ಒದ್ದೆ ಮರದ ಮೇಲೆ ಅಷ್ಟೇ ಸಾಕು ಜಾರಲು. ನಸುಕಿಗೆ ಬೋಟು ಏರುವವರಿಗೆ, ದೇವಿಮನೆ ಘಟ್ಟದಲ್ಲಿ ಗಾಡಿ ಓಡಿಸುವವರಿಗೆ ಇದೇ ಮಾತು. ಮರುದಿನ ಕೆಲಸ ತಪ್ಪಿಸಲಾಗದಿದ್ದರೆ ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್, ಕಟ್ಟಿದ ಮೂಗಿಗೆ ಸಲೈನ್ ಹನಿ, ಗಂಟಲಿಗೆ ಬಿಸಿ ಉಪ್ಪುನೀರು. ಮೂಗು ಬಿಡಿಸುವ ಆಕ್ಸಿಮೆಟಾಝೋಲಿನ್ ಹನಿಯನ್ನು ಮೂರು ದಿನ ದಾಟಿಸಬೇಡಿ, ಆಮೇಲೆ ಅದೇ ಮೂಗು ಕಟ್ಟಿಸುತ್ತದೆ.

ಗುಳಿಗೆಯ ಮೇಲೆ ಸ್ವಲ್ಪ ಫೆನ್ನಿ ಕುಡಿದರೆ ಬೆವರು ಬಂದು ಶೀತ ಬೇಗ ಹೋಗುತ್ತದಂತೆ? (ಕಾರವಾರ)

ಹೋಗುವುದಿಲ್ಲ. ಮಂಪರು ದುಪ್ಪಟ್ಟಾಗುತ್ತದೆ, ಲಿವರಿಗೂ ಹೊಡೆತ.

ಅಮ್ಮನಿಗೆ 74. ಶೀತದ ಗುಳಿಗೆ ಕೊಟ್ಟರೆ ಒಳ್ಳೆ ನಿದ್ದೆ ಬರುತ್ತದೆ. ಶೀತ ಹೋದ ಮೇಲೂ ರಾತ್ರಿ ಕೊಡಬಹುದೇ? ಬಿ.ಪಿ. ಇದೆ. (ಹೊನ್ನಾವರ)

ದಯವಿಟ್ಟು ನಿಲ್ಲಿಸಿ. ನಿದ್ದೆಗೆಂದು ಶೀತದ ಗುಳಿಗೆ ಕೊಡುವುದು ವಯಸ್ಸಾದವರಿಗೆ ಮಾಡುವ ಅನ್ಯಾಯ. ರಾತ್ರಿ ಮೂತ್ರಕ್ಕೆ ಎದ್ದಾಗ ತಲೆ ತಿರುಗಿ ಬಿದ್ದು ಸೊಂಟ ಮುರಿಯುತ್ತದೆ. ಕೆಲವರಿಗೆ ಮಾತು, ನೆನಪು ತಪ್ಪುತ್ತದೆ. ಗಂಡಸರಲ್ಲಿ ಪ್ರಾಸ್ಟೇಟ್ ದೊಡ್ಡದಾಗಿದ್ದರೆ ಮೂತ್ರವೇ ಕಟ್ಟಿಕೊಳ್ಳುತ್ತದೆ. ಕೆಲವು ಬಗೆಯ ಗ್ಲಾಕೋಮಾ ಇದ್ದವರ ಕಣ್ಣಿಗೂ ಅಪಾಯ. ಶೀತದ ಗುಳಿಗೆಯಲ್ಲಿ ಮೂಗು ಬಿಡಿಸಲೆಂದು ಹಾಕುವ ಫಿನೈಲೆಫ್ರಿನ್ ಬಿ.ಪಿ. ಏರಿಸಬಲ್ಲದು. ಹೋಗಲಿ, ಮೂಗಾದರೂ ಬಿಡಿಸುತ್ತದೆಯೇ ಎಂದರೆ ಅದೂ ಇಲ್ಲ. ನುಂಗುವ ಫಿನೈಲೆಫ್ರಿನ್ ಈ ಪ್ರಮಾಣದಲ್ಲಿ ಕೆಲಸ ಮಾಡುವುದಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ 2023ರ ಸೆಪ್ಟೆಂಬರಿನಲ್ಲಿ ಒಮ್ಮತದಿಂದ ಹೇಳಿದೆ. ನಿದ್ದೆ ಬಾರದ್ದಕ್ಕೆ ಕಾರಣ ಬೇರೆ ಇರುತ್ತದೆ, ಅದನ್ನು ವೈದ್ಯರಿಗೆ ತೋರಿಸಿ.

ಮೂರು ವರ್ಷದ ಮಗುವಿಗೆ ದೊಡ್ಡವರ ಗುಳಿಗೆ ಕಾಲು ಭಾಗ ಮಾಡಿ ಕೊಡಬಹುದೇ? (ಅಂಕೋಲಾ)

ಕೂಡದು. ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಸೇರಿದ ಔಷಧವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರೇ 2023ರಲ್ಲಿ ಹೇಳಿದ್ದಾರೆ.

ಶುಂಠಿ, ಕಾಳುಮೆಣಸಿನ ಕಷಾಯದ ಜೊತೆ ಗುಳಿಗೆ ನಡೆಯುತ್ತದೆಯೇ? (ಯಲ್ಲಾಪುರ)

ನಡೆಯುತ್ತದೆ.

ಜ್ವರ, ವಿಪರೀತ ತಲೆನೋವು, ಮೈನೋವು. ಮೂಗು ಸೋರುತ್ತಿಲ್ಲ. ರಾತ್ರಿ ಶೀತದ ಗುಳಿಗೆ ಸಾಕೇ? ಕಾಡಿಗೆ ಸೊಪ್ಪಿಗೆ ಹೋಗಿದ್ದೆ. (ಸಿದ್ದಾಪುರ)

ಸಾಲದು. ಮೂಗು ಸೋರದೆ, ಕೆಮ್ಮಿಲ್ಲದೆ ಒಮ್ಮೆಲೇ ಏರಿದ ಜ್ವರವನ್ನು ನಿಮ್ಮ ಭಾಗದಲ್ಲಿ ಶೀತ ಎಂದು ಕರೆಯಬೇಡಿ. ಡಿಸೆಂಬರಿನಿಂದ ಮೇವರೆಗೆ ಮೊದಲು ಮಂಗನ ಕಾಯಿಲೆಯನ್ನು, ಮಳೆಗಾಲದಲ್ಲಿ ಡೆಂಗಿ ಮತ್ತು ಇಲಿಜ್ವರವನ್ನು ಅನುಮಾನಿಸಬೇಕು. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಆಸ್ಪಿರಿನ್ ಯಾವುದನ್ನೂ ಮುಟ್ಟಬೇಡಿ, ಮಂಗನ ಕಾಯಿಲೆ, ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ಒಂದನ್ನೇ ಅಳತೆ ಮೀರದೆ ತೆಗೆದುಕೊಂಡು, ನಾಳೆ ಬೆಳಿಗ್ಗೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಾಡಿಗೆ ಹೋಗಿದ್ದನ್ನು ಹೇಳಿ ರಕ್ತ ಕೊಡಿ. ವಸಡಿನಿಂದಲೋ ಮೂಗಿನಿಂದಲೋ ರಕ್ತ ಕಂಡರೆ ಬೆಳಗಾಗುವವರೆಗೂ ಕಾಯಬೇಡಿ.