ಅಪ್ಪನಿಗೆ ಈಗ ಕ್ಯಾನ್ಸರ್ ನೋವಿಲ್ಲ, ಆದರೂ 4 ಗಂಟೆಗೊಮ್ಮೆ ಮಾರ್ಫಿನ್ ಏಕೆ?

ನೋವು ಮರಳದಂತೆ ತಡೆಯುವುದಕ್ಕೇ ಅದನ್ನು ಕೊಡುವುದು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ. ಈಗ ನೋವಿಲ್ಲವೆಂದರೆ ಹಿಂದಿನ ಮಾತ್ರೆ ಇನ್ನೂ ಕೆಲಸ ಮಾಡುತ್ತಿದೆ ಎಂದರ್ಥ. ನೋವಿನ ಮೂಲ ಅಲ್ಲೇ ಇದೆ. ರಕ್ತದಲ್ಲಿ ಔಷಧದ ಮಟ್ಟ ಇಳಿದು ನೋವು ಕೆರಳಿದ ಮೇಲೆ ನುಂಗಿಸಿದರೆ, ಅದು ನಾಟಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ಅವರು ಸುಮ್ಮನೆ ನರಳಬೇಕಾಗುತ್ತದೆ. ಚಟ ಹಿಡಿಯುತ್ತದೆಂದು ಹೆದರಿ ಮಾತ್ರೆ ಎತ್ತಿಡುವ ಮನೆಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ನೋವಿಗೆಂದು ಕೊಟ್ಟಾಗ ಆ ಭಯಕ್ಕೆ ಆಧಾರ ಬಹಳ ಕಡಿಮೆ.

ನಡುವೆ ನೋವು ನುಗ್ಗಿದರೆ, ಅದಕ್ಕೆಂದೇ ಬರೆದುಕೊಟ್ಟ ಹೆಚ್ಚುವರಿ ಡೋಸ್ ಕೊಡಿ. ಮೊದಲ ದಿನಗಳ ವಾಕರಿಕೆ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ, ಮಲಬದ್ಧತೆ ಇಳಿಯುವುದಿಲ್ಲ. ಅದಕ್ಕೆ ಮೊದಲ ದಿನದಿಂದಲೇ ಔಷಧ ಕೇಳಿ ಪಡೆಯಿರಿ. ಎಬ್ಬಿಸಿದರೂ ಏಳದಷ್ಟು ಮಂಪರು ಕಂಡರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ವೈದ್ಯರಿಗೆ ತಿಳಿಸಿ.